ಗಾಳಿ ನಿಲ್ಲುವ ತನಕ

ಕೆರೆ ದಂಡೆಯಲ್ಲಿ ನಾವು ಐದು ಜನ, ನಾಲ್ಕು ವಿಮಾನ. ಐದನೆಯದು ನಾವು 'ಗಡಿಬಿಡಿ' ಅಂತ ಕರೆಯುವ ಗೆಳೆಯನದು. ಹೋದ ವಾರ ಮುಳುಗಿದ್ದು ಇನ್ನೂ ಒಣಗುತ್ತಿದೆ. ವಿಮಾನ ಅಂದರೆ ರೇಡಿಯೋ ಕಂಟ್ರೋಲಿನಲ್ಲಿ ಹಾರಿಸುವ ಮಾದರಿ ವಿಮಾನ. ಚಕ್ರದ ಜಾಗದಲ್ಲಿ ಪುಟ್ಟ ದೋಣಿಯಂಥ ಎರಡು ಫ್ಲೋಟ್ ಇರುತ್ತವೆ. ನೀರಿನಿಂದಲೇ ಏಳಬೇಕು, ನೀರಿಗೇ ಇಳಿಯಬೇಕು.

ಗಾಳಿ ಜೋರಾಗಿತ್ತು. ಅಲೆಗಳ ತುದಿಯಲ್ಲಿ ಬಿಳಿ ನೊರೆ ಕಾಣಿಸುತ್ತಿತ್ತು. ನೊರೆ ಕಂಡರೆ ಹಾರಿಸುವುದಿಲ್ಲ ಅನ್ನುವುದು ನಮ್ಮ ಗುಂಪಿನಲ್ಲಿ ಒಪ್ಪಿದ ಮಾತು. ಹಾಗಾಗಿ ಕೂತೆವು. ಕೂತ ಮೇಲೆ ಬಾಯಿ ಸುಮ್ಮನಿರುತ್ತದೆಯೇ?

ಮೊದಲು ಬಾಯಿಬಿಟ್ಟವನು ಹೊಸಬ. "ನೆಲದ ಮೇಲೆ ಹಾರಿಸುವುದಕ್ಕಿಂತ ಇದು ಸುಲಭ ಅಲ್ವಾ? ಬಿದ್ದರೂ ಮೆತ್ತಗೆ ಬೀಳುತ್ತದೆ."

ನಾವೆಲ್ಲ ಗಡಿಬಿಡಿಯ ಮುಖ ನೋಡಿದೆವು. ಮೆತ್ತಗೆ ಬೀಳುವ ವಿಷಯದಲ್ಲಿ ನಮ್ಮಲ್ಲಿ ಅವನಷ್ಟು ಅನುಭವ ಇನ್ಯಾರಿಗೂ ಇಲ್ಲ.

"ನೀನು ಯಾವತ್ತಾದರೂ ಈಜುಕೊಳಕ್ಕೆ ಹಾರುವಾಗ ಹೊಟ್ಟೆ ಬಡಿಸಿಕೊಂಡಿದ್ದೀಯಾ?" ಅಂತ ಗಡಿಬಿಡಿ ಕೇಳಿದ.

"ಹೂಂ."

"ಹಾಗಾದರೆ ಮೆತ್ತಗೆ ಅನ್ನಬೇಡ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಅವರು ಕನ್ನಡಕ ಸರಿಮಾಡಿಕೊಂಡರೆ ಪಾಠ ಶುರು ಅಂತಲೇ ಅರ್ಥ. "ನೋಡಪ್ಪ, ನೆಲದ ವಿಮಾನವನ್ನು ಹುಲ್ಲಿನ ಮೇಲೆ ಇಟ್ಟರೆ ಇಟ್ಟಲ್ಲಿ ಇರುತ್ತದೆ. ನೀರಿನ ಮೇಲೆ ಹಾಗಲ್ಲ. ಬ್ರೇಕಿಲ್ಲ. ಮೋಟರ್ ಒಂಚೂರು ತಿರುಗಿದರೂ ಹೊರಟೇಬಿಡುತ್ತದೆ. ಮೋಟರ್ ನಿಂತಿದ್ದರೆ ಗಾಳಿ ತಳ್ಳಿಕೊಂಡು ಹೋಗುತ್ತದೆ. ಅದೂ ಮೂತಿ ಗಾಳಿಯ ಕಡೆಗೆ ತಿರುಗಿಸಿಕೊಂಡು. ನೀನು ಇತ್ತ ತಿರುಗು ಅಂದರೆ ಅದು ಅತ್ತ."

"ನಮ್ಮ ಮನೆಯವರ ಹಾಗೆ," ಅಂದ ಗಡಿಬಿಡಿ. ಅವನ ಮನೆಯವರು ಅಲ್ಲಿರಲಿಲ್ಲ, ಅದಕ್ಕೇ ಅಂದ.

ನಮ್ಮಲ್ಲಿ ನಿಯಮಗಳನ್ನು ಯಾರೂ ಬರೆದಿಟ್ಟಿಲ್ಲ. ಬರೆಯುವ ಅಗತ್ಯವೂ ಬಿದ್ದಿಲ್ಲ. ಪ್ರತಿ ನಿಯಮಕ್ಕೂ ಅದನ್ನು ಮಾಡಿಸಿದ ಪುಣ್ಯಾತ್ಮನ ಹೆಸರೇ ಇದೆ. ಹೆಸರು ಹೇಳಿದರೆ ಘಟನೆ ಕಣ್ಣ ಮುಂದೆ ಬರುತ್ತದೆ. ಘಟನೆ ಬಂದ ಮೇಲೆ ನಿಯಮ ಮರೆಯುವುದು ಹೇಗೆ?

ಮೊದಲನೆಯದು ಗಡಿಬಿಡಿ ಕಲಂ. ಅವತ್ತು ಇವನು ದಂಡೆಯಲ್ಲೇ ಬ್ಯಾಟರಿ ಜೋಡಿಸಿದ. ವಿಮಾನಕ್ಕೆ ಆಜ್ಞೆ ಕಳಿಸುವ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಮಿಟರ್, ಕೊರಳಲ್ಲಿ ನೇತಾಡುತ್ತಿತ್ತು. ವಿಮಾನ ನೀರಿಗಿಡಲು ಬಗ್ಗಿದ. ಮೋಟರಿನ ವೇಗ ಏರಿಸಿ ಇಳಿಸುವ ಥ್ರಾಟಲ್ ಕಡ್ಡಿಗೆ ಹೊಟ್ಟೆ ತಾಗಿತು. ಇವನ ಹೊಟ್ಟೆ ಸಣ್ಣದೇನಲ್ಲ, ಹಾಗಾಗಿ ಥ್ರಾಟಲ್ ಅರ್ಧಕ್ಕೆ ನಿಲ್ಲದೆ ಪೂರ್ತಿ ಮೇಲಕ್ಕೇ ಹೋಯಿತು. ವಿಮಾನ ಇವನ ಮೊಣಕಾಲುಗಳ ನಡುವೆ ನುಗ್ಗಿ ಹೊರಟಿತು. ಬೆರಳು ಉಳಿಯಿತು, ಪ್ಯಾಂಟ್ ಉಳಿಯಲಿಲ್ಲ.

"ಎಲೆಕ್ಟ್ರಿಕ್ ಮೋಟರ್ ಶಬ್ದ ಮಾಡದೆ ಕಾದಿರುತ್ತದೆ," ಅಂದರು ಮೇಷ್ಟ್ರು. "ಬ್ಯಾಟರಿ ಜೋಡಿಸಿದ ಕ್ಷಣದಿಂದ ಅದಕ್ಕೆ ಜೀವ ಬಂತು ಅಂತಲೇ ತಿಳಿ. ಮೊದಲು ಟ್ರಾನ್ಸ್‌ಮಿಟರ್ ಆನ್. ಆಮೇಲೆ ಮೋಟರ್ ತಿರುಗದಂತೆ ತಡೆಯುವ ಥ್ರಾಟಲ್ ಬೀಗದ ಸ್ವಿಚ್. ಕೊನೆಗೆ ಬ್ಯಾಟರಿ. ಮುಗಿಸುವಾಗ ಬ್ಯಾಟರಿ ಮೊದಲು ತೆಗಿ, ಟ್ರಾನ್ಸ್‌ಮಿಟರ್ ಕೊನೆಗೆ. ಪ್ರೊಪೆಲರ್ ಮುಂದೆ ಕೈ ಇಡಬೇಡ, ಹಿಂದಿನಿಂದ ಹಿಡಿ. ಒದ್ದೆ ಕೈ ಜಾರುತ್ತದೆ, ಪಾಚಿ ಮೇಲೆ ಕಾಲೂ ಜಾರುತ್ತದೆ."

"ಟ್ರಾನ್ಸ್‌ಮಿಟರ್ ನೇತುಹಾಕುವ ಕೊರಳಪಟ್ಟಿ?" ಹೊಸಬ ಕೇಳಿದ.

"ಬಗ್ಗುವಾಗ ತೆಗೆದಿಡು. ಅದು ಪ್ರೊಪೆಲರ್‌ಗೆ ಸುತ್ತಿಕೊಂಡರೆ ಟ್ರಾನ್ಸ್‌ಮಿಟರ್ ಜೊತೆ ಕೊರಳೂ ಹೊರಡುತ್ತದೆ. ಸಾಧ್ಯವಾದರೆ ಟ್ರಾನ್ಸ್‌ಮಿಟರನ್ನು ಇನ್ನೊಬ್ಬರ ಕೈಗೆ ಕೊಟ್ಟುಬಿಡು."

"ನನ್ನ ಕೈಗಂತೂ ಕೊಡಬೇಡ," ಅಂದ ಗಡಿಬಿಡಿ. ಅವನಲ್ಲಿ ಪ್ರಾಮಾಣಿಕತೆಗೆ ಕೊರತೆಯಿಲ್ಲ.

ಎರಡನೆಯದು ಲೆಕ್ಕಿಗನ ಕಲಂ. ಲೆಕ್ಕಿಗನಿಗೆ ಮಾತೂ ಖರ್ಚಿನ ಬಾಬ್ತು. ಹೊಳೆಗೆ ಹಾಕಿದರೂ ಅಳೆದು ಹಾಕುವ ಜಾತಿ. ಅವತ್ತು ಸದ್ದಿಲ್ಲದೆ ಏರಿದ, ಸದ್ದಿಲ್ಲದೆ ಇಳಿಯತೊಡಗಿದ. ಅದೇ ಹೊತ್ತಿಗೆ ನಾನು ಅದೇ ನೀರಿನಿಂದ ಏಳುತ್ತಿದ್ದೆ. ನನ್ನ ರೆಕ್ಕೆ ಅವನ ಫ್ಲೋಟಿಗೆ ಬಡಿಯಿತು. ಆಗ ಮೊದಲ ಸಲ ಅವನ ಬಾಯಿಂದ ಮಾತು ಬಂತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಂದಿನಿಂದ ಹಾರಿಸುವವರೆಲ್ಲ ಒಂದೇ ಸಾಲಿನಲ್ಲಿ, ಮಾತು ಕೇಳಿಸುವಷ್ಟು ಹತ್ತಿರ ನಿಲ್ಲಬೇಕು. ಏಳುವಾಗ 'ಟೇಕಾಫ್', ಇಳಿಯುವಾಗ 'ಲ್ಯಾಂಡಿಂಗ್' ಅಂತ ಕೂಗಬೇಕು. ಎಂಜಿನ್ ನಿಂತರೆ 'ಡೆಡ್‌ಸ್ಟಿಕ್'. ಈ ಮೂರನೆಯ ಕೂಗು ಕೇಳಿದರೆ ಉಳಿದವರೆಲ್ಲ ದಾರಿ ಬಿಡಬೇಕು. ಎಂಜಿನ್ ನಿಂತವನಿಗೆ ಎರಡನೆಯ ಅವಕಾಶ ಇರುವುದಿಲ್ಲ. ಎಂಜಿನ್ ಓಡುತ್ತಿರುವವನು ಇನ್ನೊಂದು ಸುತ್ತು ಹೊಡೆದು ಬರಬಹುದು. ಮತ್ತೆ, ಸಾಲಿನ ಹಿಂದೆ, ಅಂದರೆ ಜನರ ತಲೆ ಮೇಲೆ, ಯಾರೂ ಹಾರಿಸುವಂತಿಲ್ಲ.

ಈ ಕಲಮಿಗೆ ಒಂದು ಉಪಕಲಂ ಇದೆ, ಅದು ಮತ್ತೆ ಗಡಿಬಿಡಿಯ ಕೊಡುಗೆ. ಎಂಜಿನ್ ನಿಂತಾಗ ಅವನು 'ಅಯ್ಯೋ' ಅಂತ ಕೂಗಿದ. ಪ್ರೊಪೆಲರ್ ಸಡಿಲವಾದಾಗಲೂ ಅಯ್ಯೋ. ಸೊಳ್ಳೆ ಕಚ್ಚಿದಾಗಲೂ ಅದೇ ಅಯ್ಯೋ, ಅದೇ ಸ್ವರ. ಯಾವ ಅಯ್ಯೋ ಯಾವುದಕ್ಕೆ ಅಂತ ನಾವು ಹೇಗೆ ತಿಳಿಯೋಣ? 'ಅಯ್ಯೋ ಅನ್ನುವುದು ಸೂಚನೆಯಲ್ಲ' ಅಂತ ಸರ್ವಾನುಮತದಿಂದ ತೀರ್ಮಾನವಾಯಿತು.

"ನಿಮ್ಮ ಹೆಸರಲ್ಲಿ ಕಲಂ ಇಲ್ಲವಾ?" ಹೊಸಬ ನನ್ನ ಕಡೆ ತಿರುಗಿದ.

ಇದೆ. ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಲೆಕ್ಕಿಗ ಬಡ್ಡಿ ಸೇರಿಸಿ ಹೇಳುತ್ತಾನೆ. ನಮ್ಮ ರೇಡಿಯೋಗಳೆಲ್ಲ 2.4 ಗಿಗಾಹರ್ಟ್ಜ್‌ನವು. ಗಾಳಿಯಲ್ಲಿ ಈ ಅಲೆ ಚೆನ್ನಾಗಿ ಹೋಗುತ್ತದೆ, ನೀರಿನ ಮುಂದೆ ಇದರ ಆಟ ನಡೆಯುವುದಿಲ್ಲ. ವಿಮಾನದೊಳಗೆ ಸಿಗ್ನಲ್ ಹಿಡಿಯುವ ರಿಸೀವರ್ ಮುಳುಗಿದರೆ ಸಂಪರ್ಕ ಹೋದಂತೆಯೇ. ತೇಲುತ್ತಿದ್ದರೂ ಆಂಟೆನಾ ನೀರಿಗೆ ತೀರಾ ಹತ್ತಿರವಿದ್ದರೆ ಸಿಗ್ನಲ್ ದುರ್ಬಲವಾಗುತ್ತದೆ. ಅದಕ್ಕೇ ಆಂಟೆನಾವನ್ನು ಆದಷ್ಟು ಮೇಲೆ ಕೂರಿಸಬೇಕು. ನಾನು ಹೊಟ್ಟೆಯ ತಳದಲ್ಲಿ ಕೂರಿಸಿದ್ದೆ. ಜಾಗ ಇತ್ತು, ಕೂರಿಸಿದೆ. ಅಷ್ಟೇ ಯೋಚನೆ.

ಸಂಪರ್ಕ ತಪ್ಪಿದರೆ ವಿಮಾನ ಏನು ಮಾಡಬೇಕು ಅಂತ ಮೊದಲೇ ಹೇಳಿಕೊಡುವುದಕ್ಕೆ ಫೇಲ್‌ಸೇಫ್ ಅನ್ನುತ್ತಾರೆ. ಮೋಟರ್ ನಿಲ್ಲಿಸು ಅಂತ ಹೇಳಿಕೊಡಬೇಕು. ನನ್ನದು 'ಕೊನೆಗೆ ಏನು ಮಾಡುತ್ತಿದ್ದೆಯೋ ಅದನ್ನೇ ಮಾಡುತ್ತಿರು' ಅಂತ ಇತ್ತು. ದೂರದಲ್ಲಿ ನೀರಿನ ಮೇಲೆ ಓಡಿಸುತ್ತಿದ್ದಾಗ ಸಿಗ್ನಲ್ ಹೋಯಿತು. ವಿಮಾನ ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿತು. ಆಚೆ ದಂಡೆಯ ಜೊಂಡಿನೊಳಗೆ ನುಗ್ಗಿ, ಬ್ಯಾಟರಿ ತೀರುವ ತನಕ ಜೊಂಡು ಕತ್ತರಿಸುತ್ತಿತ್ತು. ಅಲ್ಲಿ ಯಾರೂ ಕಾಲು ಇಳಿಬಿಟ್ಟು ಕೂತಿರಲಿಲ್ಲ, ಅದೇ ನನ್ನ ಪುಣ್ಯ.

"ಈಗ ಪ್ರತಿ ಸಲ ಪರೀಕ್ಷೆ ಮಾಡುತ್ತಾನೆ," ಲೆಕ್ಕಿಗ ನನ್ನ ಪರವಾಗಿ ಹೇಳಿದ. "ಒಬ್ಬರು ವಿಮಾನ ಗಟ್ಟಿಯಾಗಿ ಹಿಡಿಯುವುದು. ಮೋಟರ್ ನಿಧಾನವಾಗಿ ತಿರುಗುವಾಗ ಟ್ರಾನ್ಸ್‌ಮಿಟರ್ ಆಫ್. ನಿಂತರೆ ಸರಿ. ನಿಲ್ಲದಿದ್ದರೆ ಮನೆಗೆ."

ಇಷ್ಟು ಉದ್ದ ಮಾತಾಡಿದ್ದಕ್ಕೆ ಅವನಿಗೇ ಆಶ್ಚರ್ಯವಾದ ಹಾಗಿತ್ತು. ಈ ಲೆಕ್ಕಿಗನೇ ಒಂದು ಸಲ ಹೊಸ ಕಪ್ಪು ಕನ್ನಡಕ ಹಾಕಿಕೊಂಡು ಬಂದು, ಟ್ರಾನ್ಸ್‌ಮಿಟರ್ ಪರದೆ ಸತ್ತಿದೆ ಅಂತ ಅರ್ಧ ಗಂಟೆ ಒದ್ದಾಡಿದ್ದ. ಪೋಲರಾಯ್ಡ್ ಗಾಜು ನೀರಿನ ಮೇಲಿನ ಪ್ರತಿಫಲನ ಕಡಿಮೆ ಮಾಡುತ್ತದೆ, ನಿಜ. ಕೆಲವು ಪರದೆಗಳನ್ನು ಅದರಿಂದ ನೋಡಿದರೆ ಪೂರ್ತಿ ಕಪ್ಪಾಗಿ ಕಾಣುತ್ತವೆ. ಕನ್ನಡಕ ತೆಗೆದ ಕೂಡಲೇ ಪರದೆಗೆ ಜೀವ ಬಂತು. ಅದಕ್ಕೆ ಕಲಂ ಮಾಡಲಿಲ್ಲ, ನಗುವುದರಲ್ಲೇ ಹೊತ್ತು ಹೋಯಿತು.

ಗಾಳಿ ಇನ್ನೂ ಬೀಸುತ್ತಿತ್ತು. ಹೊಸಬ ತನ್ನ ವಿಮಾನದ ಬೆನ್ನು ಸವರುತ್ತ ಮೆಲ್ಲಗೆ ಕೇಳಿದ. "ನಾನು ಯಾವ ವಿಮಾನವನ್ನೂ ಹಾರಿಸಿಲ್ಲ. ಮೊದಲ ಸಲವೇ ನೀರಿನಿಂದ ಶುರು ಮಾಡಲಾ?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಗಡಿಬಿಡಿ ಎದ್ದುನಿಂತ. "ಮಾಡು! ಮೇಷ್ಟ್ರೇ, ನೀವೇ ಹೇಳಿದ್ದಿರಲ್ಲ, ಆ ಫ್ರೆಂಚ್ ಮನುಷ್ಯನ ಕಥೆ."

"ಆನ್ರಿ ಫಾಬ್ರ್," ಅಂದರು ಮೇಷ್ಟ್ರು, ಒಲ್ಲದ ಮನಸ್ಸಿನಿಂದ. "1910ರ ಮಾರ್ಚ್ 28. ಫ್ರಾನ್ಸಿನ ಮಾರ್ತಿಗ್ ಹತ್ತಿರ, ಬೆರ್ ಅನ್ನುವ ಉಪ್ಪುನೀರಿನ ಹಿನ್ನೀರಿನಲ್ಲಿ. ಎಂಜಿನ್ ಬಲದಿಂದ ನೀರಿನಿಂದ ಮೇಲೆದ್ದ ಮೊದಲ ವಿಮಾನ. ಸುಮಾರು ಅರ್ಧ ಕಿಲೋಮೀಟರ್ ಹೋಯಿತು."

"ಅದಕ್ಕೂ ಮೊದಲು ಅವರು ವಿಮಾನ ಹಾರಿಸಿದ್ದರಾ?"

"ಇಲ್ಲ."

"ಎಷ್ಟು ವರ್ಷ ಬದುಕಿದರು?"

"101."

"ನೋಡಿದೆಯಾ!" ಗಡಿಬಿಡಿ ಗೆದ್ದವನ ಹಾಗೆ ಕೂತ.

ಲೆಕ್ಕಿಗ ಕಡ್ಡಿ ಮುರಿದ ಹಾಗೆ ಅಂದ, "ಅವತ್ತು ಆ ನೀರಿನ ಮೇಲೆ ಬೇರೆ ವಿಮಾನವೇ ಇರಲಿಲ್ಲ ಕಣೋ. ಡಿಕ್ಕಿ ಹೊಡೆಯಲು ಯಾರಿದ್ದರು?"

ಕೊನೆಗೆ ತೀರ್ಮಾನವಾಗಿದ್ದು ಇಷ್ಟು. ಹೊಸಬ ಹಾರಿಸಬಹುದು, ಆದರೆ ಮೇಷ್ಟ್ರು ಪಕ್ಕದಲ್ಲಿ ನಿಂತಿರಬೇಕು. ಅವರ ಟ್ರಾನ್ಸ್‌ಮಿಟರಿಗೂ ಇವನದ್ದಕ್ಕೂ ಜೋಡಣೆ ಇರಬೇಕು. ಇವನ ಕೈ ನಡುಗಿದರೆ ಅವರು ವಶಕ್ಕೆ ತೆಗೆದುಕೊಳ್ಳುತ್ತಾರೆ.

"ನೀರಿನ ಮಧ್ಯೆ ಎಂಜಿನ್ ನಿಂತರೆ? ಈಜಿ ತರಬೇಕಾ?"

ಇದ್ದಕ್ಕಿದ್ದ ಹಾಗೆ ಎಲ್ಲರೂ ಸುಮ್ಮನಾದೆವು. ಮೇಷ್ಟ್ರು ಕೆಮ್ಮಿದರು. ನಾಲ್ಕನೆಯದು ಮೇಷ್ಟ್ರ ಕಲಂ. ನಮಗೆಲ್ಲ ಬುದ್ಧಿ ಹೇಳುವ ಈ ಮೇಷ್ಟ್ರು ಒಂದು ಸಂಜೆ ತಮ್ಮ ವಿಮಾನ ಹತ್ತೇ ಮಾರು ದೂರ ಇದೆ ಅಂತ ನೀರಿಗಿಳಿದರು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನುವ ಗಾದೆಯನ್ನೂ ಹೇಳಿದರು. ಗಾದೆ ಮುಗಿಯುವ ಮೊದಲೇ ಕಾಲಿಗೆ ಬಳ್ಳಿ ಸುತ್ತಿಕೊಂಡಿತು. ನಾವು ಹಗ್ಗ ಎಸೆದು ಎಳೆದೆವು. ಮೇಷ್ಟ್ರು ಬಂದರು, ಕನ್ನಡಕ ಬರಲಿಲ್ಲ. ವಿಮಾನ ಮಾತ್ರ ಗಾಳಿಗೆ ತೇಲಿಕೊಂಡು ಹತ್ತು ನಿಮಿಷದಲ್ಲಿ ತಾನಾಗಿಯೇ ದಂಡೆಗೆ ಬಂತು, ಎಲ್ಲಿಗೋ ಹೋಗಿ ಬಂದ ಬೆಕ್ಕಿನ ಹಾಗೆ.

ಅವತ್ತು ನಾವು ಯಾರೂ ನಗಲಿಲ್ಲ. ನಗು ಬಂದದ್ದು ಎರಡು ವಾರದ ಮೇಲೆ.

ಈಗ ಯಾರೂ ಈಜುವುದಿಲ್ಲ. ಗಾಳಿ ದಂಡೆಯ ಕಡೆಗಿದ್ದರೆ ಕಾಯುತ್ತೇವೆ. ಊರಿಗೆ ಬಂದವಳು ನೀರಿಗೆ ಬರುವ ಹಾಗೆ ನೀರಿಗಿಳಿದದ್ದು ದಂಡೆಗೆ ಬರಲೇಬೇಕು. ಬಾರದಿದ್ದರೆ ದೋಣಿ. ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಿಕೊಂಡವರು ಮಾತ್ರ. ದೋಣಿಯವನು ವಿಮಾನ ಎತ್ತುವಾಗ ದಂಡೆಯಲ್ಲಿದ್ದವನು ಥ್ರಾಟಲ್ ಬೀಗ ಹಾಕಿ, ಟ್ರಾನ್ಸ್‌ಮಿಟರ್ ಆನ್ ಇಟ್ಟುಕೊಂಡೇ ಇರಬೇಕು. ಎಲ್ಲಕ್ಕಿಂತ ಮುಖ್ಯ, ದೋಣಿ ನೀರಿನಲ್ಲಿ ಇರುವಷ್ಟು ಹೊತ್ತು ಯಾರ ವಿಮಾನವೂ ಕದಲುವಂತಿಲ್ಲ. ಈ ಒಂದರಲ್ಲಿ ಮೇಷ್ಟ್ರು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ದೋಣಿ ಇಲ್ಲದ ಕಾಲದಲ್ಲಿ ನಮ್ಮನ್ನು ಕಾಪಾಡಿದವರು ಒಬ್ಬ ಗಾಳದವರು. ದಿನಾ ಬಂದು ಮೀನು ಹಿಡಿಯುತ್ತ ಕೂರುವವರು. ನಾವು ಅವರ ತಲೆ ಮೇಲೇ ಸುತ್ತು ಹೊಡೆಯುತ್ತಿದ್ದೆವು. ಒಂದು ದಿನ ಗಡಿಬಿಡಿ ಸೌಜನ್ಯಕ್ಕೆ 'ಮೀನು ಸಿಕ್ಕಿತಾ?' ಅಂತ ಕೇಳಿದ. 'ನಿಮ್ಮ ಸದ್ದಿಗೆ ಮೀನುಗಳು ಕೆರೆ ಖಾಲಿ ಮಾಡಿವೆ' ಅಂದರು. ಅವತ್ತೇ ಗಡಿಬಿಡಿಯ ವಿಮಾನ ಮಧ್ಯದಲ್ಲಿ ನಿಂತಿತು. ಯಾವ ಮುಖ ಇಟ್ಟುಕೊಂಡು ಕೇಳುವುದು? ಅವರೇ ಎದ್ದು ಬಂದರು. ದಾರದ ತುದಿಗೆ ಕೊಕ್ಕೆ ತೆಗೆದು ಟೆನಿಸ್ ಚೆಂಡು ಕಟ್ಟಿದರು. ವಿಮಾನದ ಆಚೆಗೆ ಬೀಳುವ ಹಾಗೆ ಎಸೆದು, ದಾರವನ್ನು ರೆಕ್ಕೆಗೆ ಅಡ್ಡಹಾಕಿ, ಮೆಲ್ಲಗೆ ಸುತ್ತಿ ಎಳೆದರು. ಆ ದಿನ ಅವರಿಗೆ ಸಿಕ್ಕಿದ ದೊಡ್ಡ ಮೀನು ಅದೇ.

ಆಮೇಲೆ ನಾವು ಅವರ ಕಡೆ ಹಾರಿಸುವುದನ್ನು ಬಿಟ್ಟೆವು. ಬಾತುಕೋಳಿಗಳ ಕಡೆಯೂ, ಈಜುವವರ ಕಡೆಯೂ ಇಲ್ಲ. ಮೇಷ್ಟ್ರು ಇದಕ್ಕೂ ಆಧಾರ ಕೊಡುತ್ತಾರೆ. 1972ರ ಅಂತಾರಾಷ್ಟ್ರೀಯ ಸಮುದ್ರ ನಿಯಮದ ಪ್ರಕಾರ, ಜನ ಕೂತು ಹೋಗುವ ನಿಜವಾದ ವಿಮಾನವೂ ನೀರಿನ ಮೇಲಿರುವಾಗ ಸಾಮಾನ್ಯವಾಗಿ ಉಳಿದ ಎಲ್ಲ ದೋಣಿ ಹಡಗುಗಳಿಂದ ದೂರವೇ ಇರಬೇಕು. ಅದೇ ದಾರಿ ಬಿಡುವಾಗ ನಮ್ಮ ಆಟಿಕೆಯದೇನು ದೌಲತ್ತು?

"ಹೋದ ವಾರ ಮುಳುಗಿದ್ದರ ಬ್ಯಾಟರಿ ಎಲ್ಲಿದೆ?" ಮೇಷ್ಟ್ರು ತಟ್ಟನೆ ಗಡಿಬಿಡಿಯನ್ನು ಕೇಳಿದರು.

"ಒಣಗಲಿ ಅಂತ ಬಟ್ಟೆ ಬೀರುವಿನಲ್ಲಿ…"

ಮೇಷ್ಟ್ರು ಕನ್ನಡಕ ತೆಗೆದುಬಿಟ್ಟರು. ಸರಿಮಾಡಿಕೊಳ್ಳುವುದಕ್ಕಿಂತ ಇದು ಗಂಭೀರ. "ಬೀರುವಿಗೆ ಬೆಂಕಿ ಹತ್ತಿದರೆ?" ಅಂದರು.

"ನೀರಲ್ಲಿ ಮುಳುಗಿದ್ದಕ್ಕೆ ಬೆಂಕಿ ಹೇಗೆ ಹತ್ತುತ್ತದೆ ಮೇಷ್ಟ್ರೇ?" ಅಂದ ಗಡಿಬಿಡಿ.

"ನಮ್ಮದು ಲೈಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ. ಅದರೊಳಗೆ ನೀರು ಸೇರಿದರೆ, ಪೆಟ್ಟು ಬಿದ್ದಿದ್ದರೆ, ಒಳಗೊಳಗೇ ಶಾರ್ಟ್ ಆಗಿ ಬಿಸಿಯಾಗಬಹುದು. ತಡವಾಗಿಯೂ ಹತ್ತಿಕೊಳ್ಳಬಹುದು. ಉಪ್ಪುನೀರಾದರೆ ಇನ್ನೂ ಕೆಟ್ಟದ್ದು. ಹೊರಗೆ, ಬರಿ ನೆಲದ ಮೇಲೆ, ಹೊತ್ತಿಕೊಳ್ಳುವ ಸಾಮಾನಿನಿಂದ ದೂರ ಇಡಬೇಕು. ಉಬ್ಬಿದ್ದರೆ ಮತ್ತೆ ಚಾರ್ಜ್ ಮಾಡಲೇಬಾರದು."

ಗಡಿಬಿಡಿ ಮನೆಗೆ ಫೋನ್ ಮಾಡಿದ. ಆ ಕಡೆಯಿಂದ ಬಂದ ಮಾತು ನಮಗೂ ಕೇಳಿಸಿತು. ಬ್ಯಾಟರಿ ಮೊನ್ನೆಯೇ ಅಂಗಳಕ್ಕೆ ಬಿದ್ದಿತ್ತು.

ಅಷ್ಟು ಹೊತ್ತಿಗೆ ಗಾಳಿ ನಿಂತಿತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಕೆರೆ ಕನ್ನಡಿಯಾಯಿತು.

"ಹಾರಿಸೋಣ!" ಹೊಸಬ ಎದ್ದ.

"ಈಗ ಬೇಡ," ಮೇಷ್ಟ್ರು ಅಂದರು. "ನೀರು ಇಷ್ಟು ನಯವಾಗಿದ್ದರೆ ಫ್ಲೋಟಿನ ತಳವನ್ನು ಹಿಡಿದುಕೊಳ್ಳುತ್ತದೆ. ತಳದಲ್ಲಿ ಮೆಟ್ಟಿಲು ಮಾಡಿರುವುದೇ ಆ ಹಿಡಿತ ಬಿಡಿಸಲು, ಆದರೂ ಸಣ್ಣ ಅಲೆ ಇದ್ದರೆ ಒಳ್ಳೆಯದು. ಇಳಿಯುವಾಗ ಇನ್ನೂ ಫಜೀತಿ. ನೀರು ಎಲ್ಲಿ, ಆಕಾಶದ ನೆರಳು ಎಲ್ಲಿ ಅಂತ ಗೊತ್ತಾಗುವುದಿಲ್ಲ. ನಿಜವಾದ ಪೈಲಟ್‌ಗಳೇ ಕನ್ನಡಿ ನೀರಿಗೆ ಹೆದರುತ್ತಾರೆ."

"ಗಾಳಿ ಇದ್ದರೂ ಆಗಲ್ಲ, ಇಲ್ಲದಿದ್ದರೂ ಆಗಲ್ಲ!"

"ಅದಕ್ಕೆ ಉಪಾಯ ಇದೆ. ದೋಣಿ ಒಂದೆರಡು ಸುತ್ತು ಹೊಡೆದರೆ ಅಲೆ ಏಳುತ್ತದೆ."

ವಿಮಾನ ಇಲ್ಲದವನು ಗಡಿಬಿಡಿ ಒಬ್ಬನೇ. ಖುಷಿಯಿಂದ ಲೈಫ್ ಜಾಕೆಟ್ ಬಿಗಿದುಕೊಂಡು ಹೊರಟ. ಕೆರೆಯ ಮಧ್ಯಕ್ಕೆ ಹೋಗಿ ಗಿರಗಿರ ಸುತ್ತಿದ. ಚಂದದ ಅಲೆಗಳು ದಂಡೆಗೆ ಬಂದವು. ಹೊಸಬ ವಿಮಾನ ನೀರಿಗಿಟ್ಟು ಥ್ರಾಟಲ್ ಬೀಗಕ್ಕೆ ಬೆರಳು ಹಾಕಿದ.

"ದೋಣಿ ಇನ್ನೂ ನೀರಿನಲ್ಲಿದೆ," ಅಂದರು ಮೇಷ್ಟ್ರು.

ಹೊಸಬ ಬೆರಳು ತೆಗೆದ. ನಾವೆಲ್ಲ ಬಾ ಬಾ ಅಂತ ಕೈ ಬೀಸಿದೆವು. ಗಡಿಬಿಡಿ ಅದನ್ನು ಇನ್ನೊಂದು ಸುತ್ತು ಅಂತ ತಿಳಿದು ಇನ್ನೊಂದು ಸುತ್ತು ಹೊಡೆದ. ಆಮೇಲೆ ಅರ್ಥವಾಗಿ, ಏದುಸಿರು ಬಿಡುತ್ತ ದಂಡೆಗೆ ಬಂದು, ದೋಣಿ ಮೇಲಕ್ಕೆಳೆದ. ತಿರುಗಿ ನೋಡಿದರೆ ಕೆರೆ ಮತ್ತೆ ಕನ್ನಡಿ.

"ಅಲೆ ನಿಲ್ಲಲು ಎರಡು ನಿಮಿಷ," ಲೆಕ್ಕಿಗ ಗಡಿಯಾರ ನೋಡುತ್ತ ಹೇಳಿದ. "ದೋಣಿ ಬರಲು ನಾಲ್ಕು."