ಸಹಾಯ ಬೇಕು: ಭೂತಾನ್ ಹಸಿ ಅಡಿಕೆ ಬಗ್ಗೆ ಗೊತ್ತಿರುವವರು ತಿಳಿಸಿ

ಎಲ್ಲರಿಗೂ ನಮಸ್ಕಾರ. ನಾನು ಸಾಗರ ಕಡೆಯ ಸಣ್ಣ ಬೆಳೆಗಾರ. ಮುಂದಿನ ವಾರ ನಮ್ಮೂರ ಸೊಸೈಟಿ ಸಭೆಯಲ್ಲಿ ಆಮದು ಅಡಿಕೆ ಬಗ್ಗೆ ಮಾತಾಡು ಅಂತ ನನ್ನ ತಲೆಗೆ ಕಟ್ಟಿದ್ದಾರೆ.

ನನಗೆ ಗೊತ್ತಿರೋದು ಇಷ್ಟು. 2022ರಲ್ಲಿ ಕೇಂದ್ರ ಸರ್ಕಾರ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಪಶ್ಚಿಮ ಬಂಗಾಳದ ಜೈಗಾಂವ್ ಗಡಿಯ ಮೂಲಕ ತರಿಸಲು ಬಿಟ್ಟಿತು. ಕನಿಷ್ಠ ಆಮದು ಬೆಲೆ (ಇದಕ್ಕಿಂತ ಕಡಿಮೆ ಬೆಲೆಗೆ ಆಮದು ಮಾಡುವಂತಿಲ್ಲ ಅನ್ನೋ ಮಿತಿ) ಈ ಹಸಿ ಅಡಿಕೆಗೆ ಅನ್ವಯಿಸೋದಿಲ್ಲ. ಉಳಿದ ಕಡೆಯಿಂದ ಬರೋದಕ್ಕೆ ಆ ಬೆಲೆಯನ್ನು 2023ರಲ್ಲಿ ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದರು.

ಈಗ ನನ್ನ ಲೆಕ್ಕ. ನಮ್ಮಲ್ಲಿ ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಸಿಗೋದು 12-13 ಕೆಜಿ. ಹಾಗಾದರೆ 17,000 ಟನ್ ಒಣಗಿದ ಮೇಲೆ ಬರೀ 2,000 ಟನ್ ಚಿಲ್ಲರೆ! ದೇಶದಲ್ಲಿ ಬೆಳೆಯೋದು ಲಕ್ಷಗಟ್ಟಲೆ ಟನ್. ಇಷ್ಟಕ್ಕೇ ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ), ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ರೇಟು ಬೀಳುತ್ತಾ? ನನಗಂತೂ ನಂಬಿಕೆ ಇಲ್ಲ. ಹಸಿ ಅಡಿಕೆ ಹೆಸರಲ್ಲಿ ಬೇರೆ ದೇಶದ ಒಣ ಮಾಲು ನುಸುಳಿದರೆ ಮಾತ್ರ ಕಷ್ಟ. (ಮಂಡಿಯವರನ್ನು ಕೇಳಿದರೆ ಎಲ್ಲದಕ್ಕೂ ಭೂತಾನ್ ಕಡೆಗೇ ಕೈ ತೋರಿಸ್ತಾರೆ.)

2022ರ ಆ ಸರ್ಕಾರಿ ಅಧಿಸೂಚನೆಯ ಪೂರ್ತಿ ಪ್ರತಿ ಯಾರ ಹತ್ತಿರವಾದರೂ ಇದೆಯಾ? ಕಸ್ಟಮ್ಸ್‌ನಲ್ಲಿ ಕೆಲಸ ಮಾಡಿದವರು ಇದ್ದರೆ, ಮಾಲು ಯಾವ ದೇಶದ್ದು ಅಂತ ಗಡಿಯಲ್ಲಿ ಹೇಗೆ ಪರಿಶೀಲಿಸ್ತಾರೆ ಅಂತಲೂ ದಯವಿಟ್ಟು ಹೇಳಿ. ಶನಿವಾರದೊಳಗೆ ಸಿಕ್ಕಿದರೆ ದೊಡ್ಡ ಉಪಕಾರ.