ಸಹಾಯ ಬೇಕು: ಗ್ರಹ, ಉಪಗ್ರಹಗಳ ತಿರುಗುವಿಕೆ ತೋರಿಸುವ ಮಾದರಿ

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ವಿಜ್ಞಾನ ಮೇಳಕ್ಕೆ ಗ್ರಹಗಳೂ ಅವುಗಳ ಚಂದ್ರರೂ ತಮ್ಮ ಅಕ್ಷದ ಮೇಲೆ ಎಷ್ಟು ಬೇಗ ತಿರುಗುತ್ತವೆ ಎಂದು ತೋರಿಸುವ ಮಾದರಿ ಮಾಡಿಸುತ್ತಿದ್ದೇನೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇವೆ.

ಮೊದಲನೆಯದು ಮೋಟಾರಿನ ತಲೆನೋವು. ಭೂಮಿಯ ಒಂದು ಸುತ್ತಿಗೆ 10 ಸೆಕೆಂಡ್ ಇಟ್ಟರೆ ಗುರುವಿಗೆ ನಾಲ್ಕು ಸೆಕೆಂಡ್ ಸಾಕು, ನಮ್ಮ ಚಂದ್ರನಿಗೆ ನಾಲ್ಕೂವರೆ ನಿಮಿಷ ಬೇಕು. ಅಷ್ಟು ಹೊತ್ತು ಯಾರು ನಿಂತು ನೋಡುತ್ತಾರೆ? ಒಂದೇ ಮೋಟಾರಿಗೆ ಹಲ್ಲುಚಕ್ರ ಜೋಡಿಸುವುದೋ, ಪ್ರತಿಯೊಂದಕ್ಕೂ ಸ್ಟೆಪರ್ ಮೋಟಾರ್ (ಬೇಕಾದ ವೇಗಕ್ಕೆ ಹಂತಹಂತವಾಗಿ ತಿರುಗಿಸಬಹುದಾದ ಮೋಟಾರ್) ಹಾಕುವುದೋ? ಕಡಿಮೆ ಖರ್ಚಿನಲ್ಲಿ ಮಾಡಿದ ಅನುಭವವಿದ್ದವರು ತಿಳಿಸಿ.

ಎರಡನೆಯದು ಹೋಲಿಕೆಯ ವಿಧಾನ. ಗ್ರಹಕ್ಕಿಂತ ಚಂದ್ರ ಯಾವಾಗಲೂ ನಿಧಾನ ಎಂದು ಫಲಕ ಬರೆಯಲು ಮಕ್ಕಳು ಹೊರಟಿದ್ದರು. ಮಂಗಳ ಒಂದು ಸುತ್ತಿಗೆ 24 ಗಂಟೆ 37 ನಿಮಿಷ ತೆಗೆದುಕೊಂಡರೆ ಅದರ ಉಪಗ್ರಹ ಫೋಬೋಸ್ 7 ಗಂಟೆ 39 ನಿಮಿಷದಲ್ಲೇ ಮುಗಿಸುತ್ತದೆ! ಶನಿಯ ಫೀಬಿ ಕೂಡ ಶನಿಗಿಂತ ಚುರುಕು. ಆದರೆ ಮೇಲ್ಮೈ ವೇಗ ಲೆಕ್ಕ ಹಾಕಿದರೆ ಚಿತ್ರವೇ ತಲೆಕೆಳಗು: ಮಂಗಳದ ಸಮಭಾಜಕದಲ್ಲಿ ಗಂಟೆಗೆ ಸುಮಾರು 870 ಕಿ.ಮೀ., ಪುಟ್ಟ ಫೋಬೋಸ್‌ನಲ್ಲಿ ಸುಮಾರು 9 ಕಿ.ಮೀ., ಅಂದರೆ ಸೈಕಲ್ಲಿಗಿಂತ ನಿಧಾನ. ಎಂಟನೆಯ ತರಗತಿಯವರಿಗೆ ಎರಡನ್ನೂ ಒಟ್ಟಿಗೆ ತೋರಿಸಿದರೆ ಗೊಂದಲವಾಗುತ್ತದೆಯೇ? ನನಗಂತೂ ಎರಡೂ ಬೇಕೆನಿಸುತ್ತದೆ.

ಶನಿಯ ಇನ್ನೊಂದು ಉಪಗ್ರಹ ಹೈಪೀರಿಯನ್‌ಗೆ ನಿಶ್ಚಿತ ಅವಧಿಯೇ ಇಲ್ಲ, ಅಡ್ಡಾದಿಡ್ಡಿ ಹೊರಳುತ್ತದೆ. ಅದನ್ನು ಕೈಯಿಂದಲೇ ತಿರುಗಿಸಲು ಒಬ್ಬ ಹುಡುಗ ಸಿದ್ಧನಿದ್ದಾನೆ; ಬೇರೆ ಉಪಾಯವಿದ್ದರೆ ಹೇಳಿ. ಚಿತ್ರ ಅಥವಾ ವೀಡಿಯೊ ಇದ್ದರೆ ಇಲ್ಲೇ ಹಾಕಿ, ಮೇಳ ಮುಂದಿನ ತಿಂಗಳು.