ಹಳೆಯ ರಂಪಣಿ ದೋಣಿ: ಹೊಲಿಗೆ ಕಡಿಯದಂತೆ ಒಣಗಿಸುವುದು ಹೇಗೆ?

ಕಡಲಕರೆ:
ಊರಿನ ಮೀನುಗಾರಿಕೆ ಸಂಗ್ರಹಾಲಯಕ್ಕೆ ರಂಪಣಿ (ದಡಕ್ಕೆ ಎಳೆಯುವ ದೊಡ್ಡ ಬಲೆ) ದೋಣಿಯೊಂದು ಬರಲಿದೆ. ಸುಮಾರು 12 ಮೀಟರ್ ಉದ್ದ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದದ್ದು, ಒಳಗೆ ಪಕ್ಕೆಗಳು, ಅಂದರೆ ಹಲಗೆಗೆ ಆಸರೆಯಾಗುವ ಬಾಗುಮರಗಳು, ಇಲ್ಲ. ಎರಡು ಮಳೆಗಾಲ ಅಳಿವೆಯ ಕೆಸರಲ್ಲಿ ಅರ್ಧ ಹೂತಿತ್ತು. ತಳ ಇನ್ನೂ ಒದ್ದೆ, ಮೇಲಂಚು ಒಣಗಿ ಸೀಳಿದೆ. ಸಿಹಿನೀರಲ್ಲಿ ತೊಳೆಯಬೇಕೇ? ಹಿಂದಿನವರ ಹಾಗೆ ಮೀನೆಣ್ಣೆ ಹಚ್ಚಬಹುದೇ? ಕಾರವಾರದ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ಇಟ್ಟಂತೆ ಬಯಲಲ್ಲಿಟ್ಟರೆ ನಡೆದೀತೇ?

ಉಳಿಬಾಚಿ:
ಬಯಲಲ್ಲಿ ಖಂಡಿತ ಬೇಡ. ಚಪಲ್‌ನದು ಲೋಹದ ಒಡಲು, ತುಕ್ಕು ಕೆರೆದು ಬಣ್ಣ ಬಳಿಯುತ್ತಾ ಇರಬಹುದು. ಹೊಲಿದ ದೋಣಿ ಬಿಸಿಲಿಗೆ ಕುಗ್ಗಿ ಮಳೆಗೆ ಹಿಗ್ಗುತ್ತದೆ. ಪ್ರತಿ ಸಲವೂ ಹಗ್ಗ ತೂತಿನ ಅಂಚಿಗೆ ಉಜ್ಜಿ ಸವೆಯುತ್ತದೆ. ಸೂರು ಬೇಕೇ ಬೇಕು. ನಾಲ್ಕು ಬದಿಯೂ ಗಾಳಿಯಾಡಲಿ, ನೇರ ಬಿಸಿಲು ಬೀಳದಿರಲಿ.

ಹೆಚ್ಚಿನ ಹಾನಿ ಆಗುವುದು ಎತ್ತುವ ದಿನವೇ. ನೀರಲ್ಲಿದ್ದಾಗ ಇಡೀ ತಳಕ್ಕೆ ನೀರೇ ಆಸರೆ. ನೆಲದಲ್ಲಿ ನಡುಭಾಗಕ್ಕೆ ಎರಡೇ ದಿಮ್ಮಿ ಕೊಟ್ಟರೆ ತುದಿಗಳೆರಡೂ ಜೋಲಿ ನಡು ಉಬ್ಬುತ್ತದೆ. ಪಕ್ಕೆಯಿಲ್ಲದ ದೋಣಿಯಲ್ಲಿ ಆ ಎಳೆತವನ್ನೆಲ್ಲ ಹೊಲಿಗೆಯೇ ತಡೆಯಬೇಕು. ಒಳಗಿನ ಕೆಸರು ಮೊದಲು ಖಾಲಿ ಮಾಡಿ. 15 ಸೆಂ.ಮೀ.ಗಿಂತ ಕಿರಿದಲ್ಲದ ನಾಲ್ಕು ಪಟ್ಟಿ ಹಾಕಿ ಎತ್ತಿ. ಪಟ್ಟಿ ಬದಿಗಳನ್ನು ಒಳಕ್ಕೆ ಅಮುಕದಂತೆ ಮೇಲಂಚಿನಲ್ಲಿ ಅಡ್ಡಗೋಲು ಕಟ್ಟಿ. ಕೂರಿಸುವಾಗ ಮೀಟರಿಗೊಂದು ದಿಮ್ಮಿ, ಅದರ ಮೇಲೆ ತಳದ ಬಾಗಿಗೆ ತಕ್ಕಂತೆ ಕೊರೆದ ಹಲಗೆ, ನಡುವೆ ರಬ್ಬರ್ ಹಾಳೆ.

ಉಪ್ಪುಗಾಳಿ:
ತೊಳೆಯಲೇಬೇಕು. ಮರದೊಳಗಿನ ಉಪ್ಪು ಗಾಳಿಯ ತೇವ ಹೀರುತ್ತಲೇ ಇರುತ್ತದೆ, ಒಣಗಿದಾಗ ಹರಳುಗಟ್ಟಿ ಎಳೆಗಳನ್ನು ಬಿಡಿಸುತ್ತದೆ. ಪೈಪಿನ ಜೋರು ನೀರು ಬಿಡಬೇಡಿ, ಹೊಲಿಗೆಯಡಿ ತುರುಕಿದ ನಾರು ಕಿತ್ತು ಬರುತ್ತದೆ. ಗೋಣಿತಾಟು ಹೊದಿಸಿ ದಿನಕ್ಕೆರಡು ಸಲ ಸಿಹಿನೀರು ಹನಿಸಿ. ವಾರಕ್ಕೊಮ್ಮೆ ಇಳಿದ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ ನೋಡಿ. ಹಾಲಿನಂತಾದರೆ ಉಪ್ಪು ಇನ್ನೂ ಇದೆ. ಹೋಲಿಕೆಗೆ ಭಟ್ಟಿ ಇಳಿಸಿದ ನೀರು ಇಟ್ಟುಕೊಳ್ಳಿ, ಕರಾವಳಿಯ ಬಾವಿನೀರಲ್ಲೇ ಒಂದಿಷ್ಟು ಉಪ್ಪಿರುತ್ತದೆ.

ಸ್ವೀಡನ್ನಿನ ವಾಸಾ ಹಡಗಿಗೆ ಮಾಡಿದಂತೆ ಪಾಲಿಇಥಿಲೀನ್ ಗ್ಲೈಕಾಲ್ (ಮರದೊಳಗಿನ ನೀರಿನ ಜಾಗ ತುಂಬುವ ಮೇಣದಂಥ ರಾಸಾಯನಿಕ) ಸಿಂಪಡಿಸಿ ಎಂದು ಯಾರಾದರೂ ಹೇಳಬಹುದು. ಅದು 1628ರಲ್ಲಿ ಮುಳುಗಿ 1961ರಲ್ಲಿ ಮೇಲೆ ಬಂದ ಹಡಗು, ಸಿಂಪಡಣೆಯೇ 17 ವರ್ಷ ನಡೆಯಿತು. ನಿಮ್ಮದಕ್ಕೆ ಅದು ದಂಡ. ಆದರೆ ವಾಸಾದಿಂದ ಕಲಿಯುವುದು ಒಂದಿದೆ: ಕೆಸರಿನ ಗಂಧಕವೂ ಕಬ್ಬಿಣವೂ ಸೇರಿದರೆ ಮರದಲ್ಲಿ ಆಮ್ಲ ಹುಟ್ಟುತ್ತದೆ. ರಿಪೇರಿಗೆ ಹೊಡೆದ ಕಬ್ಬಿಣದ ಮೊಳೆಗಳ ಸುತ್ತ ಮರ ಕಪ್ಪಾಗಿದ್ದರೆ ಅದರ ಗುರುತಿರಬಹುದು.

ತೇವ ಇರುವಾಗಲೇ 100 ಲೀಟರ್ ನೀರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆಸಿಡ್ ಕರಗಿಸಿ ಮೂರು ಕೈ ಬಳಿಯಿರಿ, ಗೆದ್ದಲು ಮತ್ತು ಕುಟ್ಟೆ ಹುಳಕ್ಕೆ. ಒಣಮರದಲ್ಲಿ ಆಳಕ್ಕೆ ಇಳಿಯದು, ಮಳೆ ಬಿದ್ದರೆ ತೊಳೆದು ಹೋಗುತ್ತದೆ. ಮೀನೆಣ್ಣೆ ಬೇಡ. ವರ್ಷವಿಡೀ ಕಡಲಿಗಿಳಿಯುವ ದೋಣಿಗೆ ಅದು ಸರಿ, ಕೋಣೆಯಲ್ಲಿ ನಾತ, ಜಿಗುಟು, ಧೂಳು. ವಾರ್ನಿಶ್ ಅದಕ್ಕಿಂತ ಕೆಟ್ಟದ್ದು, ಒಳಗಿನ ತೇವವನ್ನು ಕಟ್ಟಿಹಾಕುತ್ತದೆ.

ಕಡಲಕರೆ:
ಒಣಗಿತೆಂದು ತಿಳಿಯುವುದು ಹೇಗೆ? ಕೊಳೆತ ಹಗ್ಗ ಬದಲಿಸಬಹುದೇ?

ಉಪ್ಪುಗಾಳಿ:
ತೇವಮಾಪಕದ ಸೂಜಿ ಚುಚ್ಚಿ ನೋಡಿ. ತೇವ ಶೇ. 30ರಿಂದ ಕೆಳಗಿಳಿದ ಮೇಲೆಯೇ ಮರ ಕುಗ್ಗತೊಡಗುವುದು, ಸೀಳು ಬೀಳುವುದೂ ಆಗಲೇ. ಅಲ್ಲಿಂದ ತಾಟು ಒಂದೊಂದೇ ಪದರ ತೆಗೆಯಿರಿ, ಫ್ಯಾನ್ ಹಾಕಬೇಡಿ. ಹಲಗೆಯ ತುದಿಗಳು ಬೇಗ ಒಣಗುತ್ತವೆ, ಅವಕ್ಕೆ ಕೊನೆಯವರೆಗೂ ತಾಟು ಇರಲಿ.

ಉಳಿಬಾಚಿ:
ಬದಲಿಸಬಹುದು, ಆದರೆ ಒಣಗಿ ಮುಗಿದ ಮೇಲೆ. ಒದ್ದೆಯಲ್ಲಿ ಬಿಗಿದರೆ ಮರ ಕುಗ್ಗಿ ಹೊಲಿಗೆ ಸಡಿಲ. ಬಿಚ್ಚುವ ಮುನ್ನ ಒಳ-ಹೊರ ಎರಡೂ ಕಡೆ ಫೋಟೋ ತೆಗೆದು ತೂತುಗಳಿಗೆ ನಂಬರು ಕೊಡಿ. ಒಂದೆರಡು ಮಾರು ಹಳೆಯ ಹೊಲಿಗೆಯನ್ನು ಹಾಗೇ ಬಿಡಿ. ದೋಣಿ ಹೊಲಿದು ಗೊತ್ತಿರುವ ಹಿರಿಯರನ್ನು ಕರೆದು ಮಾಡಿಸಿ, ಪ್ರತಿ ಗಂಟಿಗೂ ಅವರು ಹೇಳುವ ಹೆಸರನ್ನು ಅವರ ನುಡಿಯಲ್ಲೇ ಬರೆದುಕೊಳ್ಳಿ, ತುಳುವಾಗಲಿ ಕೊಂಕಣಿಯಾಗಲಿ.

ಇನ್ನೊಂದು: ದೋಣಿಯನ್ನಷ್ಟೇ ಇಟ್ಟರೆ ನೋಡುವವರಿಗೆ ರಂಪಣಿ ಅರ್ಥವಾಗದು. ಬಲೆಯ ಒಂದು ತುದಿ ದಡದಲ್ಲಿ. ದೋಣಿ ಅರ್ಧಚಂದ್ರಾಕಾರದಲ್ಲಿ ಬಲೆ ಬಿಡುತ್ತಾ ಮರಳಿ ದಡಕ್ಕೆ ಬರುವುದು. ಆಮೇಲೆ ಹತ್ತಾರು ಜನ ಎರಡೂ ಕಡೆಯಿಂದ ಎಳೆಯುವುದು. ಬಂಗುಡೆ, ಬೂತಾಯಿಯ ಹುಟ್ಟುವಳಿ ಪಾಲುಪಾಲಾಗಿ ಹಂಚಿಕೆ. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು (ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತಿ ಹಿಡಿಯುವ ಯಂತ್ರದ ದೋಣಿಗಳು) ಹೆಚ್ಚಿದಂತೆ ಈ ಪಾಲುಗಾರಿಕೆಯೇ ಕುಸಿಯಿತು. ಗೋಡೆಗೆ ಆ ಅರ್ಧಚಂದ್ರದ ನಕ್ಷೆ ಹಾಕಿ. ಬಿಚ್ಚಿದ ಹಗ್ಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಬೇಡಿ, ಬೂಸ್ಟು ಹಿಡಿಯುತ್ತದೆ; ಕಾಗದದಲ್ಲಿ ಸುತ್ತಿಡಿ.